ಕಲ್ಲು ದಾಟಿದ ಟೋಪಿ

ಮೊದಲು ಟೋಪಿಯ ವಿಷಯ ಹೇಳಿಬಿಡುತ್ತೇನೆ. ನನ್ನ ಗಂಡ ಮದ್ರಾಸು ಸಿಟಿ ಪೊಲೀಸಿನಲ್ಲಿ ಟ್ರಾಫಿಕ್ ಕಾನ್‌ಸ್ಟೇಬಲ್. ಹೆಸರು ಸದಾನಂದ. ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ಅಮ್ಮ ಕಲಿಸಿದ್ದರು. ಆದರೆ ಆ ಒಂದು ಬೇಸಗೆಯಲ್ಲಿ ಎಷ್ಟು ಬಾಗಿಲುಗಳಲ್ಲಿ ನಿಂತು ಎಷ್ಟು ಜನರ ಮುಂದೆ ಆ ಹೆಸರು ಹೇಳಬೇಕಾಯಿತೆಂದರೆ, ನಾಚಿಕೆಯೆಲ್ಲ ಸವೆದುಹೋಯಿತು. ಸೈದಾಪೇಟೆಯ ಸೇತುವೆ ಹತ್ತಿರ ಅವರ ಡ್ಯೂಟಿ, ಮನೆ ಮಾತ್ರ ಕ್ರೋಂಪೇಟೆಯಲ್ಲಿ. ಸಿಟಿಯೊಳಗೆ ಕಾನ್‌ಸ್ಟೇಬಲನಿಗೆ ಗಾಳಿ ಬೆಳಕಿರುವ ಬಾಡಿಗೆ ಮನೆ ಸಿಗುವುದು ಅಷ್ಟರಲ್ಲೇ ಇತ್ತು. ಚರ್ಮ ಹದಮಾಡುವ ಕಾರ್ಖಾನೆಯ ವಾಸನೆ ಸಹಿಸಿಕೊಂಡರೆ ಕ್ರೋಂಪೇಟೆಯಲ್ಲಿ ಎರಡು ಕೋಣೆ, ಒಂದು ಬಾವಿ ಸಿಗುತ್ತಿತ್ತು. ಸಹಿಸಿಕೊಂಡೆವು.

ಗಿಂಡಿ ಕಳೆದು ಪರಂಗಿಮಲೆ ಸಿಗುವ ಮುಂಚೆ ರಸ್ತೆಯ ಬದಿಯಲ್ಲಿ ಒಂದು ಎಲ್ಲೆ ಕಲ್ಲು ಇತ್ತು. ಈಚೆಗೆ ಸಿಟಿ ಪೊಲೀಸು, ಆಚೆಗೆ ಚೆಂಗಲ್ಪಟ್ಟು ಜಿಲ್ಲೆಯ ಪೊಲೀಸು. ಡ್ಯೂಟಿ ಮುಗಿಸಿ ಬರುವಾಗ ಇವರು ಆ ಕಲ್ಲಿನ ಹತ್ತಿರ ಸೈಕಲಿನಿಂದ ಇಳಿದು, ಟೋಪಿ ತೆಗೆದು, ಹ್ಯಾಂಡಲಿಗೆ ನೇತುಹಾಕಿದ ಚೀಲದಲ್ಲಿ ಬುತ್ತಿ ಡಬ್ಬಿಯ ಮೇಲೆ ಇಡುತ್ತಿದ್ದರು. ಬೆಳಿಗ್ಗೆ ಹೋಗುವಾಗ ಅದೇ ಕಲ್ಲಿನ ಹತ್ತಿರ ಇಳಿದು ತಲೆಗೆ ಇಟ್ಟುಕೊಳ್ಳುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಗುಂಡಣ್ಣ ಎಂಬ ಹಳೆಯ ಹೆಡ್ ಕಾನ್‌ಸ್ಟೇಬಲ್ ಹೇಳಿಕೊಟ್ಟ ಪಾಠವಂತೆ: ಟೋಪಿ ತಲೆಯ ಮೇಲಿದ್ದರೆ ಕಣ್ಣಿಗೆ ಬಿದ್ದದ್ದೆಲ್ಲ ನಿನ್ನ ಕೆಲಸ, ಅದಕ್ಕೇ ನಿನ್ನದಲ್ಲದ ಜಾಗದಲ್ಲಿ ಅದನ್ನು ತೆಗೆದಿಡು. ಟೋಪಿಗೆ ಸದಾ ಮೊಸರನ್ನದ ವಾಸನೆ. ಬೇರೆ ಚೀಲ ಹೊಲಿದುಕೊಡುತ್ತೇನೆಂದರೆ ಬೇಡವೇ ಬೇಡ. ಈ ಮನುಷ್ಯನಿಗೆ ಒಂದು ಅಭ್ಯಾಸ ಅಂಟಿಕೊಂಡರೆ ಮುಗಿಯಿತು, ಬ್ರಹ್ಮ ಬಂದರೂ ಬಿಡಿಸಲಾಗುವುದಿಲ್ಲ.

ನಾವು ಉಡುಪಿ ಕಡೆಯವರು. ಇವರು ಪೊಲೀಸಿಗೆ ಸೇರುವಾಗ ನಮ್ಮ ಜಿಲ್ಲೆಯೂ ಮದ್ರಾಸಿಗೇ ಸೇರಿತ್ತು, ಆದ್ದರಿಂದ ಊರಿನ ಹುಡುಗ ಮದ್ರಾಸಿನಲ್ಲಿ ಪೊಲೀಸನಾದದ್ದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಆಮೇಲೆ ರಾಜ್ಯಗಳನ್ನು ಒಡೆದು ಸೇರಿಸಿದರು, ನಮ್ಮ ಜಿಲ್ಲೆ ಮೈಸೂರಿಗೆ ಹೋಯಿತು. ನಾವು ಇದ್ದಲ್ಲೇ ಇದ್ದೆವು, ಎಲ್ಲೆ ಮಾತ್ರ ನಮ್ಮನ್ನು ದಾಟಿಕೊಂಡು ಹೋಯಿತು. ಊರಿಗೆ ಹೋದರೆ ಮದ್ರಾಸಿನವರು, ಇಲ್ಲಿ ಕನ್ನಡದವರು. ಮಗಳು ನೀರಜಾ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಈ ಕೆಲಸವೊಂದು ಹೋದರೆ ಇಲ್ಲಿ ನಮಗೆ ಕಾಲೂರುವುದಕ್ಕೆ ಬೇರೆ ಏನೂ ಇರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆ ಕೆಲಸ ಹೋಗುವ ಕಾಲ ಬಂತು.

ಅವತ್ತು ಸಂಜೆ ನಾನು ಕೀರೆ ತರಲು ಹೋಗಿದ್ದೆ. ಸೊಪ್ಪಿಗೆ ಇಲ್ಲಿ ಕೀರೆ ಅನ್ನುತ್ತಾರೆ, ನನಗೂ ಈಗ ಸೊಪ್ಪು ಅನ್ನಲು ಬಾಯಿ ಬರುವುದಿಲ್ಲ. ಕಾರ್ಖಾನೆಯ ಗೇಟಿನ ಎದುರಿಗೇ ದೊಡ್ಡ ರಸ್ತೆ, ರಸ್ತೆಯ ಈಚೆಗೆ ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿ. ಸಂಜೆ ಸೈರನ್ ಊದಿದ ಕೂಡಲೆ ಕೆಲಸದವರೆಲ್ಲ ರೈಲು ತಪ್ಪೀತೆಂದು ಒಟ್ಟಿಗೇ ರಸ್ತೆಗೆ ನುಗ್ಗುತ್ತಾರೆ. ಹೆಂಗಸರೇ ಜಾಸ್ತಿ. ಕೀರೆಯವಳು ಕೂರುವುದು ಗೇಟಿನ ಪಕ್ಕದಲ್ಲಿ. ನಾನು ಸೊಪ್ಪು ಹಿಡಿದುಕೊಂಡು ಆ ಗುಂಪಿನ ನಡುವೆಯೇ ರಸ್ತೆ ದಾಟುತ್ತಿದ್ದೆ.

ತಾಂಬರಂ ಕಡೆಯಿಂದ ಒಂದು ಕಪ್ಪು ಕಾರು ಬಂತು. ಬಂತು ಅಂದರೆ ಹೇಗೆ, ರಸ್ತೆಯ ಆ ಬದಿಗೊಮ್ಮೆ ಈ ಬದಿಗೊಮ್ಮೆ ಓಲಾಡುತ್ತ, ಹಾರನ್ನೂ ಇಲ್ಲ, ನಿಧಾನವೂ ಇಲ್ಲ. ಮುಂದೆ ಇದ್ದವರು ಹಿಂದಕ್ಕೆ ಸರಿದರು, ಹಿಂದೆ ಇದ್ದವರು ತಿಳಿಯದೆ ಮುಂದಕ್ಕೆ ನೂಕಿದರು. ನಡುವೆ ನಾನು. ಕಾಲು ಎತ್ತಲು ಬರಲಿಲ್ಲ. ದೇವರಾಣೆ, ಆಗ ನನಗೆ ಗಂಡನ ನೆನಪೂ ಬರಲಿಲ್ಲ, ಮಗಳ ನೆನಪೂ ಬರಲಿಲ್ಲ. ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದೇನೆ ಅನ್ನುವುದೊಂದೇ ನೆನಪಾಯಿತು.

ಅಷ್ಟರಲ್ಲಿ ರಸ್ತೆಯ ನಡುವೆ ಖಾಕಿ ಚಡ್ಡಿಯ ಒಬ್ಬ ಪೊಲೀಸು ಕೈ ಎತ್ತಿ ನಿಂತಿದ್ದ. ಸೈಕಲು ಬದಿಯಲ್ಲಿ ಬಿದ್ದಿತ್ತು, ಬುತ್ತಿ ಡಬ್ಬಿ ಉರುಳಿ ಚರಂಡಿಯ ಹತ್ತಿರ ಹೋಗಿತ್ತು. ತಲೆಯ ಮೇಲೆ ಟೋಪಿ. ಕಾರು ಕಿರ್ರೆಂದು ಅವನ ಮೊಣಕಾಲಿನ ಹತ್ತಿರ ಬಂದು ನಿಂತಿತು. ಡಬ್ಬಿ ನಮ್ಮದೆಂದು ಗೊತ್ತಾದ ಮೇಲೆಯೇ ಪೊಲೀಸೂ ನಮ್ಮವರೆಂದು ನನಗೆ ಗೊತ್ತಾದದ್ದು.

ಕಾರಿನಲ್ಲಿದ್ದವನು ಬಿಳಿ ಬೂಟಿನ ಒಬ್ಬ ಯಜಮಾನ, ಸಿಟಿಯಲ್ಲಿ ದೊಡ್ಡ ವ್ಯಾಪಾರ ಇರುವವನೆಂದು ಆಮೇಲೆ ತಿಳಿಯಿತು. ಆಗ ಮದ್ರಾಸಿನಲ್ಲಿ ಕುಡಿಯುವುದಕ್ಕೆ ನಿಷೇಧ, ಪರ್ಮಿಟ್ ಇಲ್ಲದೆ ಒಂದು ಗುಟುಕು ಕುಡಿದರೂ ಕೇಸು. ಕಿಟಕಿ ಇಳಿಸಿದಾಗ ಬಂದ ವಾಸನೆ ಚರ್ಮದ ವಾಸನೆಯನ್ನೂ ಮೀರಿಸುವಂತಿತ್ತು. ಇವರು ಕೈ ಒಳಗೆ ಹಾಕಿ ಕೀಲಿ ತೆಗೆದುಕೊಂಡರು. ಅವನು ಕೆಳಗಿಳಿದು ಬೈದ, ಹೆದರಿಸಿದ, ಆಮೇಲೆ ಇವರ ಬೆಲ್ಟಿನ ಮೇಲಿನ ನಂಬರನ್ನು ಬಗ್ಗಿ ನೋಡಿ ನಕ್ಕ.

"ನೀನು ಸಿಟಿಯವನು. ಇದು ಚೆಂಗಲ್ಪಟ್ಟು ಜಿಲ್ಲೆ. ಇಲ್ಲಿ ನನ್ನ ಕಾರು ನಿಲ್ಲಿಸಲಿಕ್ಕೆ ನೀನು ಯಾರು?"

ಇವರು ಕೀಲಿ ಮುಷ್ಟಿಯಲ್ಲಿ ಹಿಡಿದುಕೊಂಡು, ಕೆಲಸದವರೆಲ್ಲ ರಸ್ತೆ ದಾಟಿ ಮುಗಿಯುವ ತನಕ ನಿಂತರು. ಆಮೇಲೆ ತಿರುಮಲ ಎಂಬ ಈ ಜಾಗದ ಪೊಲೀಸು ಟೀ ಅಂಗಡಿಯಿಂದ ಬಾಯಿ ಒರೆಸಿಕೊಳ್ಳುತ್ತ ಓಡಿಬಂದ. ಇವರು ಅವನ ಕೈಗೆ ಕೀಲಿ ಕೊಟ್ಟರು. ಅವನು ಅದನ್ನು ಯಜಮಾನನ ಕೈಗೆ ಕೊಟ್ಟು ಒಂದು ಸಲ್ಯೂಟನ್ನೂ ಕೊಟ್ಟ. ಕಾರು ಹೋಯಿತು.

ದಾರಿಯಲ್ಲಿ ನಾನು ಕೇಳಿದೆ, ನಾನು ಅಡ್ಡ ಇದ್ದೆನೆಂದು ತಾನೇ ಹಾಗೆ ನುಗ್ಗಿದ್ದು? "ನೀನಿದ್ದದ್ದು ನಾನು ನೋಡ್ಲೇ ಇಲ್ಲ" ಅಂದರು. ಎಂಥ ಗಂಡಸು ನೋಡಿ. ಹೌದು ಅಂದಿದ್ದರೆ ಬಾಯಿಯ ಮುತ್ತು ಉದುರುತ್ತಿತ್ತೇ? ಮನೆಗೆ ಬಂದರೆ ಬೇಳೆ ಸೀದುಹೋಗಿತ್ತು.

ಆ ವಾರವೇ ಇನ್‌ಸ್ಪೆಕ್ಟರು ಇವರನ್ನು ಕರೆದು ಹೇಳಿದರು. ಕಮಿಷನರಿಗೆ ದೂರು ಹೋಗಿದೆ. ಸಿಟಿಯ ಕಾನ್‌ಸ್ಟೇಬಲ್ ತನ್ನ ಎಲ್ಲೆ ಬಿಟ್ಟು ಬಂದು, ಅಧಿಕಾರ ಇಲ್ಲದ ಕಡೆ ಅಧಿಕಾರ ತೋರಿಸಿ, ಕೀಲಿ ಕಸಿದುಕೊಂಡು, ಮರ್ಯಾದಸ್ಥನೊಬ್ಬನನ್ನು ಕಾರ್ಖಾನೆಯ ಕೂಲಿಗಳ ಮುಂದೆ ನಿಲ್ಲಿಸಿ ಅವಮಾನ ಮಾಡಿದ್ದಾನೆ. ವಿಚಾರಣೆ ಆಗುತ್ತದೆ, ಕೆಲಸದಿಂದ ತೆಗೆದರೂ ತೆಗೆಯಬಹುದು. ಇವರು ಇಷ್ಟನ್ನೂ ಮನೆಗೆ ಬಂದು, ಕಾಲು ತೊಳೆದು, ಊಟ ಮಾಡಿ, ಬಟ್ಟಲು ತೊಳೆದಿಟ್ಟ ಮೇಲೆ ಹೇಳಿದರು. ಆ ಹೊತ್ತಿನಿಂದ ಭಯ ನನ್ನನ್ನು ಬಿಡಲಿಲ್ಲ. ನೀರು ಸೇದುವಾಗ ಹಗ್ಗ ಕೈಯಿಂದ ಜಾರುತ್ತಿತ್ತು. ಹಾಲಿನವನು ಬಾಗಿಲು ಬಡಿದರೂ ಸ್ಟೇಷನ್ನಿನಿಂದ ಜನ ಬಂದರೆಂದೇ ಅನ್ನಿಸುತ್ತಿತ್ತು.

ಸೈದಾಪೇಟೆಯಲ್ಲಿ ನನ್ನ ಅಣ್ಣ ವಿಷ್ಣುಮೂರ್ತಿಯ ಸಸ್ಯಾಹಾರಿ ಹೋಟೆಲು. ಊರಿನಿಂದ ಬಂದ ನಮ್ಮವರಿಗೆಲ್ಲ ಅದೇ ಕೋರ್ಟು, ಅದೇ ಆಸ್ಪತ್ರೆ. ಬೀಟಿನ ಪೊಲೀಸರು ಮುಂದಿನ ಬಾಗಿಲಲ್ಲಿ ಬಂದು ಬಿಟ್ಟಿ ಕಾಫಿ ಕುಡಿದು ಹೋಗುತ್ತಾರೆ. ನಮ್ಮವರು ಮಾತ್ರ ಹೆಂಡತಿಯ ಅಣ್ಣನ ಹೋಟೆಲಾದರೂ ಡ್ಯೂಟಿಯ ಹೊತ್ತಿನಲ್ಲಿ ಒಳಗೆ ಕಾಲಿಡುವವರಲ್ಲ. ಅಣ್ಣನಿಗೆ ಅದರ ಮೇಲೆ ಒಂದು ಸಣ್ಣ ಕೋಪ ಯಾವಾಗಲೂ ಇತ್ತು. ಆದರೂ ವಿಷಯ ಕೇಳಿದ ಕೂಡಲೆ ಗಲ್ಲಾ ಬಿಟ್ಟು ನಮ್ಮನ್ನು ಅಡಿಗೆಮನೆಯ ಹಿಂದೆ ಕರೆದುಕೊಂಡು ಹೋದ. ಅವನ ಗಿರಾಕಿಗಳಲ್ಲಿ ಒಬ್ಬರು ವಕೀಲರು. ಅವರ ಹತ್ತಿರ ಕೇಳಿ ತಿಳಿದುಕೊಂಡಿದ್ದ.

ವಕೀಲರ ಮಾತು ಇಷ್ಟೇ. ಸಿಟಿ ಪೊಲೀಸಿನವನು ಎಲ್ಲೆ ದಾಟಿದರೆ ರಸ್ತೆಯಲ್ಲಿ ಹೋಗುವ ಎಲ್ಲರಂತೆ ಅವನೂ ಒಬ್ಬ. ಹೋಗುವವನೊಬ್ಬ ಜನ ಸಾಯುತ್ತಾರೆಂದು ಕೈ ಅಡ್ಡ ಹಿಡಿದ, ಕುಡಿದವನ ಕೀಲಿ ತೆಗೆದಿಟ್ಟು ಲೋಕಲ್ ಪೊಲೀಸಿಗೆ ಒಪ್ಪಿಸಿದ ಅಂದರೆ ಅದರಲ್ಲಿ ತಪ್ಪಿಲ್ಲ. ಆದರೆ ಟೋಪಿ ಇಟ್ಟುಕೊಂಡು, ಪೊಲೀಸೆಂದು ತೋರಿಸಿಕೊಂಡು ನಿಲ್ಲಿಸಿದ ಅಂದರೆ ಕೆಲಸಕ್ಕೆ ಕುತ್ತು.

"ಭಾವ, ಟೋಪಿ ಚೀಲದಲ್ಲೇ ಇತ್ತು. ದಿನಾ ಕಲ್ಲಿನ ಹತ್ರ ತೆಗ್ದು ಇಡ್ತೀರಿ ಅಂತ ಇಡೀ ಸ್ಟೇಷನ್ನಿಗೆ ಗೊತ್ತುಂಟು" ಅಂದ ಅಣ್ಣ. "ಅವತ್ತೂ ಹಾಗೆಯೇ ಇತ್ತು. ಅಷ್ಟು ಹೇಳಿದ್ರೆ ಆಯ್ತು. ರತ್ನ ಅಲ್ಲೇ ಇದ್ಳು, ಅವಳೇ ಸಾಕ್ಷಿ."

ನಾನು ಆಗಲೇ ತಲೆ ಆಡಿಸಿಯಾಗಿತ್ತು. ಇವರು ದೋಸೆಕಲ್ಲಿನ ಹೊಗೆಯನ್ನೇ ನೋಡುತ್ತ ಕೂತಿದ್ದರು. ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು.

ಇನ್ನೊಂದು ದಾರಿಯೂ ಇತ್ತು. ಲೋಕಲ್ ಪೊಲೀಸು ಸಹಾಯಕ್ಕೆ ಕರೆದರೆ ಬೇರೆ ಜಾಗದ ಪೊಲೀಸು ಬರಬಹುದಂತೆ. ಅಣ್ಣ ಬೇಡ ಅಂದರೂ ನಾನು ಪಲ್ಲಾವರಂ ಹತ್ತಿರ ತಿರುಮಲನ ಮನೆ ಹುಡುಕಿಕೊಂಡು ಹೋದೆ. ತಾನೇ ಇವರನ್ನು ಕರೆದೆ ಅಂತ ಅವನೊಂದು ಮಾತು ಹೇಳಿದರೆ ಸಾಕಿತ್ತು. ಹೋಗುವಾಗ ದಾರಿಯುದ್ದಕ್ಕೂ ಅವನಿಗೆ ಬೈಯುವ ಬೈಗುಳವನ್ನೆಲ್ಲ ತಮಿಳಿನಲ್ಲಿ ಜೋಡಿಸಿಕೊಂಡಿದ್ದೆ. ಬಾಗಿಲು ತೆಗೆದವಳು ಅವನ ಹೆಂಡತಿ ಕಲಾವತಿ, ತುಂಬಿದ ಬಸುರಿ. ನನ್ನನ್ನು ಕೂರಿಸಿ ನೀರು ಕೊಟ್ಟಳು. ತಿರುಮಲ ಒಳಗಿನಿಂದ ಬಂದು ನೆಲ ನೋಡುತ್ತ ಹೇಳಿದ್ದು: ಅಕ್ಕಾ, ನಾನು ಕರೆದೆ ಅಂದರೆ, ನೀನೇ ಯಾಕೆ ನಿಲ್ಲಿಸಲಿಲ್ಲ, ಆಗ ಎಲ್ಲಿದ್ದೆ ಅಂತ ಕೇಳುತ್ತಾರೆ. ಟೀ ಅಂಗಡಿಯಲ್ಲಿದ್ದೆ ಅನ್ನಲೇ? ಈಗ ಕೆಲಸ ಹೋದರೆ ಇವಳನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ?

ಜೋಡಿಸಿಕೊಂಡು ಹೋದ ಬೈಗುಳ ಒಂದೂ ಬಾಯಿಗೆ ಬರಲಿಲ್ಲ. ನನ್ನ ಮನೆಯಲ್ಲಿದ್ದ ಭಯವೇ ಆ ಮನೆಯಲ್ಲೂ ಕೂತಿತ್ತು. ಹೆರಿಗೆ ಸುಸೂತ್ರವಾಗಲಿ ಎಂದು ಹೇಳಿ ಎದ್ದು ಬಂದೆ.

ವಿಚಾರಣೆಯ ದಿನ ಗೊತ್ತಾದ ಮೇಲೆ ನಾನು ಇವರನ್ನು ಹಿಡಿದೇ ಕೂತೆ. ಉಣ್ಣುವಾಗ, ಸೈಕಲಿಗೆ ಎಣ್ಣೆ ಬಿಡುವಾಗ, ಮಲಗುವಾಗ, ಎಲ್ಲ ಹೊತ್ತಲ್ಲೂ ಟೋಪಿ ಚೀಲದಲ್ಲಿತ್ತು ಅನ್ನಿ ಅನ್ನುವುದೊಂದೇ ಮಾತು. ಜಪ ಮಾಡಿದ ಹಾಗೆ ಮಾಡಿದೆ. ಯಾರಿಗೆ ನಷ್ಟ ಆ ಮಾತಿನಿಂದ? ಕೆಲಸ ಹೋದರೆ ಅಣ್ಣನ ಹೋಟೆಲಿನಲ್ಲಿ ಎಲೆ ಎತ್ತಬೇಕು. ಭಾವನೆಂದು ಮೊದಲ ವಾರ ಮಾತ್ರ ಅನ್ನುತ್ತಾರೆ, ಆಮೇಲೆ ಬರೇ ಸದಾನಂದ. ಊರಿಗೆ ಹೋಗೋಣವೆಂದರೆ ಅಲ್ಲಿಯ ಪೊಲೀಸೂ ಬೇರೆ, ಸರ್ಕಾರವೂ ಬೇರೆ, ನಮ್ಮ ಲೆಕ್ಕ ಯಾರೂ ಇಟ್ಟಿಲ್ಲ. ಎಲ್ಲ ಹೇಳಿದೆ. ಕೂಗಾಡಿದೆ, ಅತ್ತೆ, ಎರಡು ದಿನ ಮಾತು ಬಿಟ್ಟೆ. ನಾನು ಮಾತು ಬಿಟ್ಟದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ ದೇವರೇ ಬಲ್ಲ.

ಗೊತ್ತಾದದ್ದು ನನಗೆ, ಬೇರೊಂದು ವಿಷಯ. ಒಂದು ಸಂಜೆ ಸ್ಟೇಷನ್ ದಾರಿಯಲ್ಲಿ ನಿಂತಿದ್ದಾಗ ಇವರು ಬರುವುದು ಕಾಣಿಸಿತು. ಸೈರನ್ ಊದಿತ್ತು, ಜನ ರಸ್ತೆಯಲ್ಲಿದ್ದರು, ಒಂದು ಬಸ್ಸು ಗುಂಪಿನೊಳಗೇ ನುಗ್ಗಿಕೊಂಡು ಹೋಗುತ್ತಿತ್ತು. ಇವರು ಸೈಕಲಿನಿಂದ ಇಳಿದು, ಅದನ್ನು ನೂಕಿಕೊಂಡು, ಮುಂದಿನ ಚಕ್ರವನ್ನೇ ನೋಡುತ್ತ ಕಾರ್ಖಾನೆಯ ಗೋಡೆಗೆ ಉಜ್ಜಿಕೊಂಡ ಹಾಗೆ ನಡೆದುಬಂದರು. ತಲೆ ಎತ್ತಲಿಲ್ಲ. ಆ ಗೋಡೆ ಮುಗಿಯುವ ತನಕ ಎತ್ತಲಿಲ್ಲ. ಕದ್ದು ಸಿಕ್ಕಿಬಿದ್ದವನನ್ನು ಬೀದಿಯಲ್ಲಿ ನಡೆಸಿಕೊಂಡು ಹೋಗುವಾಗ ಅವನು ಹಾಗೆ ನಡೆಯುತ್ತಾನೆ. ನನಗೆ ಸಂಕಟವಾಯಿತು. ಆದರೆ ಆಗ ನನಗೆ ಸಂಕಟಕ್ಕಿಂತ ಭಯ ದೊಡ್ಡದಾಗಿತ್ತು, ಸುಮ್ಮನಿದ್ದೆ.

ವಿಚಾರಣೆಯ ಹಿಂದಿನ ದಿನ ಬೂಟಿಗೆ ಪಾಲಿಶ್ ಹಾಕುತ್ತ ತಾವಾಗಿಯೇ ಬಾಯಿ ಬಿಟ್ಟರು.

"ನೀನು ಹೇಳಿದ ಹಾಗೇ ಹೇಳ್ತೇನೆ. ಇನ್ನು ಅದನ್ನು ಹೇಳ್ಬೇಡ ಮಾರಾಯ್ತಿ."

ಗೆದ್ದೆ ಅಂದುಕೊಂಡೆ. ಮಲಗಿದರೆ ನಿದ್ದೆಯೇ ಇಲ್ಲ.

ಅಸಿಸ್ಟೆಂಟ್ ಕಮಿಷನರರ ಕೋಣೆಯಲ್ಲಿ ಒಂದು ಫ್ಯಾನು ತಿರುಗುತ್ತಿತ್ತು. ಅವರು ಸಣಕಲು ಮನುಷ್ಯ, ತಲೆ ನರೆತಿತ್ತು, ಮಾತೆಲ್ಲ ಮೆಲ್ಲನೆಯ ತಮಿಳಿನಲ್ಲಿ. ಬಿಳಿ ಬೂಟಿನ ಯಜಮಾನ ಕುರ್ಚಿಯಲ್ಲಿ ಕೂತಿದ್ದ. ಇವರು ಟೋಪಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. ನನ್ನನ್ನು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂರಿಸಿದರು. ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ಜೋಮು ಹಿಡಿದಿತ್ತು. ಒಳಗೊಳಗೇ ಆ ಒಂದು ಮಾತನ್ನು ತಮಿಳಿನಲ್ಲಿ ಹೇಳಿಕೊಳ್ಳುತ್ತಿದ್ದೆ, ಟೋಪಿ ಚೀಲದಲ್ಲಿತ್ತು, ಟೋಪಿ ಚೀಲದಲ್ಲಿತ್ತು.

ಸಾಹೇಬರು ಬೇರೆ ಏನನ್ನೂ ಕೇಳಲಿಲ್ಲ. ವಕೀಲರು ಹೇಳಿದ್ದೇ ಸರಿಯಾಯಿತು. ಆ ಹೊತ್ತಿನಲ್ಲಿ ಟೋಪಿ ಎಲ್ಲಿತ್ತು ಎಂದರು. ಇವರು ತಡೆದರು. ಎಷ್ಟು ತಡೆದರೆಂದರೆ ಸಾಹೇಬರು ಪೆನ್ನು ಕೆಳಗಿಟ್ಟು ಮುಖ ಎತ್ತಿದರು. ಆಮೇಲೆ ಇವರು, ಚೀಲದಲ್ಲಿತ್ತು ಸಾರ್, ಅಂದರು. ಹೇಳಿ ನೆಲ ನೋಡಿದರು.

ಯಜಮಾನ ಜೋರಾಗಿ ನಕ್ಕ.

"ಚೀಲದಲ್ಲಿತ್ತಾ? ಸಾರ್, ಚಡ್ಡಿ ಹಾಕಿಕೊಂಡ ಯಾವನೋ ರಸ್ತೆಯಲ್ಲಿ ಕೈ ಎತ್ತಿದರೆ ನಾನು ನಿಲ್ಲಿಸುತ್ತೇನೆಯೇ? ಹುಚ್ಚನೆಂದು ಹೋಗುತ್ತಲೇ ಇರುತ್ತಿದ್ದೆ. ಟೋಪಿ ಕಂಡದ್ದಕ್ಕೆ ಬ್ರೇಕು ಹಾಕಿದ್ದು."

ಹೋಗುತ್ತಲೇ ಇರುತ್ತಿದ್ದನಂತೆ. ಎಷ್ಟು ಸಲೀಸಾಗಿ ಹೇಳಿದ. ಯಾರ ಮೇಲೆ ಹೋಗುತ್ತಿದ್ದ? ಮುಂದೆ ನೂಕಿಸಿಕೊಂಡಿದ್ದ ಆ ಹೆಂಗಸರ ಮೇಲೆ, ಕೀರೆ ಹಿಡಿದುಕೊಂಡಿದ್ದ ನನ್ನ ಮೇಲೆ.

ಅಷ್ಟರಲ್ಲಿ ಸಾಹೇಬರು ನನ್ನ ಕಡೆ ತಿರುಗಿ, ನೀವು ಹೇಳಿ ಅಮ್ಮಾ ಅಂದರು. ನಾನು ಎದ್ದು ನಿಂತೆ. ಮಾತು ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು, ಇಷ್ಟು ದಿನ ಜಪ ಮಾಡಿದ ಮಾತು. ಇವರ ಕಡೆ ನೋಡಿದೆ. ಇವರು ತಲೆ ಬಗ್ಗಿಸಿ ನೆಲವನ್ನೇ ನೋಡುತ್ತಿದ್ದರು, ಆ ದಿನ ಕಾರ್ಖಾನೆಯ ಗೋಡೆ ಪಕ್ಕದಲ್ಲಿ ಸೈಕಲು ನೂಕುತ್ತ ಬಂದಾಗ ಹೇಗೋ ಹಾಗೆ. ಇನ್ನು ಮುಂದೆ ಈ ಮನುಷ್ಯ ಬದುಕಿರುವ ತನಕ ಹೀಗೇ ನಡೆಯುತ್ತಾರೆ ಅನ್ನಿಸಿತು. ಕೆಲಸ ಇರುತ್ತದೆ, ಮನೆ ಇರುತ್ತದೆ, ಇವರು ಇರುವುದಿಲ್ಲ.

"ಇತ್ತು ಸಾರ್" ಅಂದೆ. "ಟೋಪಿ ತಲೆಯ ಮೇಲೇ ಇತ್ತು. ಚೀಲದಲ್ಲಿತ್ತು ಅಂತ ಹೇಳಿಸಿದ್ದು ನಾನು. ಟೋಪಿ ಇಲ್ಲದಿದ್ದರೆ ನಿಲ್ಲಿಸುತ್ತಲೇ ಇರಲಿಲ್ಲ ಅಂತ ಈಗ ಈ ಯಜಮಾನರೇ ಹೇಳಿದರಲ್ಲ. ರಸ್ತೆ ತುಂಬ ಹೆಂಗಸರಿದ್ದರು, ನಾನೂ ಇದ್ದೆ. ಅದನ್ನು ಇಟ್ಟುಕೊಳ್ಳದೆ ಅವರು ಇನ್ನೇನು ಮಾಡಬೇಕಿತ್ತು, ನೀವೇ ಹೇಳಿ."

ನನ್ನ ತಮಿಳು ಅಲ್ಲಲ್ಲಿ ಮುರಿದುಹೋಗಿ ಕನ್ನಡ ನುಗ್ಗಿತ್ತು, ಆದರೆ ಕೋಣೆಯಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಅಯ್ಯೋ, ನನ್ನ ಕೈಯಾರೆ ಅನ್ನದ ಮೇಲೆ ಮಣ್ಣು ಹಾಕಿದೆನಲ್ಲ ಎಂದು ಬೆಂಚಿನ ಮೇಲೆ ಕುಸಿದೆ. ಇವರು ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು. ಸಿಟ್ಟು ಇರಲಿಲ್ಲ. ಎಷ್ಟೋ ದಿನದಿಂದ ಕಾಣದಿದ್ದ ಮುಖ ಅದು.

ಸಾಹೇಬರು ಯಜಮಾನನ ಕಡೆ ತಿರುಗಿ, ಆ ದಿನ ಸಂಜೆ ಎಲ್ಲಿಂದ ಬರುತ್ತಿದ್ದಿರಿ, ಏನು ಸೇವಿಸಿದ್ದಿರಿ ಎಂದು ನಯವಾಗಿಯೇ ಕೇಳಿದರು. ಪರ್ಮಿಟ್ ಇದೆಯೋ ಎಂದೂ ಕೇಳಿದರು. ಯಜಮಾನ ಕುರ್ಚಿಯಲ್ಲಿ ಸರಿದಾಡಿ, ದೂರನ್ನು ಮುಂದುವರಿಸುವ ಇಷ್ಟ ತನಗೂ ಅಷ್ಟಿಲ್ಲ ಎಂದು ಗೊಣಗಿದ. ಆಮೇಲೆ ಸಾಹೇಬರು ಇವರಿಗೆ ಹೇಳಿದ್ದು ಒಂದೊಂದು ಮಾತೂ ನನ್ನ ಕಿವಿಯಲ್ಲಿದೆ.

"ನೀನು ಮಾಡಿದ್ದು ಸರಿಯೋ ತಪ್ಪೋ ನಾನು ಹೇಳುವುದಿಲ್ಲ. ಸರ್ಕಾರ ನಿನಗೆ ಕೊಟ್ಟ ಅಧಿಕಾರ ಆ ಕಲ್ಲಿನ ಹತ್ತಿರ ಮುಗಿಯುತ್ತದೆ. ಈ ಸಲ ನಿನ್ನ ಕೆಲಸದ ದಾಖಲೆಯಲ್ಲಿ ಒಂದು ಕಪ್ಪು ಗುರುತು ಹಾಕಿ ಬಿಡುತ್ತೇನೆ. ಇನ್ನೊಂದು ಸಲ ಕಲ್ಲಿನ ಆಚೆ ಈ ಟೋಪಿ ನಿನ್ನ ತಲೆಯ ಮೇಲೆ ಕಂಡಿತೆಂದು ದೂರು ಬಂದರೆ, ಟೋಪಿ, ಬೆಲ್ಟು ಎರಡನ್ನೂ ಈ ಮೇಜಿನ ಮೇಲೆ ಇಟ್ಟು ನಿನ್ನ ಊರಿಗೆ ಹೊರಡು. ಆಗ ನನ್ನ ಹತ್ತಿರ ಕೇಳಲಿಕ್ಕೆ ಬರಬೇಡ."

ಹೊರಗೆ ಬಂದ ಮೇಲೆ ಅಣ್ಣ ಹೋಟೆಲಿನಲ್ಲಿ ಕೂರಿಸಿ ಮೈಸೂರುಪಾಕು ತಿನ್ನಿಸಿದ. ನಾನು ಹೇಳಿದ್ದು ಕೇಳಿ ತಲೆ ತಲೆ ಚಚ್ಚಿಕೊಂಡ, ಈ ಗಂಡ ಹೆಂಡತಿಗೆ ಬುದ್ಧಿ ಹಂಚುವಾಗ ದೇವರು ಊಟಕ್ಕೆ ಹೋಗಿದ್ದನೆಂದು ಬೈದ. ಬೈದರೆ ಬೈದ. ಕೆಲಸ ಉಳಿದಿತ್ತು. ಇವರು ಎರಡನೆಯ ಕಾಫಿ ಕೇಳಿ ಕುಡಿದರು.

ಸಂಜೆ ಸೈಕಲಿನ ಕ್ಯಾರಿಯರಿನ ಮೇಲೆ ನನ್ನನ್ನು ಕೂರಿಸಿಕೊಂಡು ಹೊರಟರು. ಕಲ್ಲಿನ ಹತ್ತಿರ ಇಳಿದೆವು. ಇವರು ಎಂದಿನ ಹಾಗೆ ಟೋಪಿ ತೆಗೆದು ಚೀಲದಲ್ಲಿಟ್ಟು, ಅವತ್ತು ಚೀಲವನ್ನು ಹ್ಯಾಂಡಲಿಗೆ ಹಾಕುವ ಬದಲು ನನ್ನ ಕೈಗೆ ಕೊಟ್ಟರು. "ನಿನ್ನ ಹತ್ರವೇ ಇರ್ಲಿ" ಅಂದರು. ನಗುತ್ತಿದ್ದರು. ನಾನು ಚೀಲದ ಬಾಯಿಯನ್ನು ಎರಡು ಸುತ್ತು ತಿರುಚಿ ಮಡಿಲಲ್ಲಿ ಒತ್ತಿ ಹಿಡಿದುಕೊಂಡೆ. ಇದು ಹೊರಗೆ ಬರದಂತೆ ನೋಡಿಕೊಂಡರೆ ನನ್ನ ಸಂಸಾರ ಉಳಿಯಿತು ಅಂದುಕೊಂಡೆ.

ಕ್ರೋಂಪೇಟೆಗೆ ಬರುವ ಹೊತ್ತಿಗೆ ಸರಿಯಾಗಿ ಸೈರನ್ ಊದಿತು. ಗೇಟು ತೆರೆಯಿತು, ಹೆಂಗಸರು ಬುತ್ತಿ ಚೀಲ ಹಿಡಿದುಕೊಂಡು ರಸ್ತೆಗೆ ಇಳಿದರು. ಇವರು ಕಾಲು ಊರಿ ನಿಂತರು. ಜನ ದಾಟಲಿ ಎಂದು ಒಂದು ಬಸ್ಸು ನಿಂತಿತ್ತು. ಆ ಬಸ್ಸಿನ ಹಿಂದಿನಿಂದ ಒಂದು ಲಾರಿ, ಹಸಿ ಚರ್ಮ ಹೇರಿಕೊಂಡದ್ದು, ಬಸ್ಸನ್ನು ಬಳಸಿಕೊಂಡು ರಸ್ತೆಯ ತಪ್ಪು ಬದಿಗೆ ಹೊರಳಿ ನಮ್ಮ ಕಡೆಗೇ ಬರುತ್ತಿತ್ತು. ಬಸ್ಸು ಅಡ್ಡ ಇದ್ದದ್ದರಿಂದ ದಾಟುವವರಿಗೆ ಲಾರಿ ಕಾಣುತ್ತಿರಲಿಲ್ಲ. ಟೀ ಅಂಗಡಿಯ ಹತ್ತಿರ ತಿರುಮಲನೂ ಕಾಣಲಿಲ್ಲ.

ಇವರ ಕೈ ಹ್ಯಾಂಡಲಿನ ಮೇಲೆ ಬಿಗಿಯಿತು. ತಲೆ ಬಗ್ಗಿಸಲಿಲ್ಲ. ತಿರುಗಿ ನನ್ನನ್ನು ನೋಡಿದರು, ನನ್ನ ಮಡಿಲನ್ನು ನೋಡಲಿಲ್ಲ, ನನ್ನನ್ನು. ಸಾಹೇಬರ ಮೇಜು ನನ್ನ ಕಣ್ಣ ಮುಂದೆಯೇ ಇತ್ತು. ನೀರಜಾ, ಮನೆ, ಬಾವಿ, ಅಣ್ಣನ ಹೋಟೆಲಿನ ಎಂಜಲು ಎಲೆ, ಎಲ್ಲ ಒಮ್ಮೆಗೇ ನೆನಪಿಗೆ ಬಂತು.

ಸುತ್ತಿದ ಚೀಲದ ಬಾಯಿ ಬಿಚ್ಚಿದೆ. ಮೊಸರನ್ನದ ವಾಸನೆಯ ಆ ಟೋಪಿಯನ್ನು ತೆಗೆದು ಅವರ ಕೈಗಿಟ್ಟೆ.

"ಹೋಗಿ" ಅಂದೆ.

ಅವರು ಅದನ್ನು ತಲೆಗೆ ಇಟ್ಟುಕೊಂಡು ರಸ್ತೆಯ ನಡುವೆ ಓಡಿ ಕೈ ಎತ್ತಿದರು. ಲಾರಿ ಉಜ್ಜಿಕೊಂಡು ಬಂದು ನಿಂತಿತು. ದಾಟುತ್ತಿದ್ದ ಹೆಂಗಸರು ಒಂದು ಗಳಿಗೆ ಗಕ್ಕನೆ ನಿಂತು, ಆಮೇಲೆ ರೈಲಿನ ನೆನಪಾಗಿ ಮುಂದೆ ಹೋದರು. ಡ್ರೈವರ್ ಬಾಗಿಲು ತೆಗೆದು ಕೆಳಗಿಳಿದ. ಇವರ ಬೆಲ್ಟಿನ ಹತ್ತಿರ ಬಗ್ಗಿ ನಂಬರು ಓದತೊಡಗಿದ. ನಾನು ಸೈಕಲು ಬೀಳದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಕೊನೆಯ ಹೆಂಗಸು ರಸ್ತೆ ದಾಟುವುದನ್ನೇ ನೋಡುತ್ತ ನಿಂತೆ.